ದೂರವಿರಬೇಕಾದ ಹೋಟೆಲು

“ಇವತ್ತು ಆ ಮನುಷ್ಯನ ಬಟ್ಟಲಿಗೆ ಉಗಿದು ಕೊಡ್ತೀನಿ,” ಎಂದಳು ಮಿಲುಸ್ಕಾ.

“ಉಗೀಬೇಡ, ಉಪ್ಪು ಜಾಸ್ತಿಯಾಗುತ್ತೆ,” ಎಂದಳು ಅವಳ ಸೋದರತ್ತೆ ದೋನ್ಯಾ ಬೆನಿತಾ, ರುಬ್ಬುವ ಕಲ್ಲಿನಿಂದ ತಲೆ ಎತ್ತದೆ.

ಆ ಮನುಷ್ಯ ಎಂದರೆ ದೋನ್ ಗಾಸ್ಪಾರ್ ಲಿನಾರೆಸ್. ಅರೆಕಿಪಾ ಪಟ್ಟಣಕ್ಕೆ ಬರುವ ಪ್ರವಾಸಿಗಳು ಎಲ್ಲಿ ಉಣ್ಣಬೇಕು, ಎಲ್ಲಿ ಉಣ್ಣಬಾರದು ಎಂದು ವರ್ಷಕ್ಕೊಂದು ಪುಸ್ತಕ ಬರೆಯುವವನು. ಪಾಪ, ಪ್ರವಾಸಿಗಳಿಗೆ ಸ್ವಂತ ನಾಲಿಗೆ ಎಲ್ಲಿದೆ? ಪುಸ್ತಕ ತೆರೆದು ನೋಡಿದ ಮೇಲೆಯೇ ರುಚಿ ತಿಳಿಯಬೇಕು. ಬೆನಿತಾಳ ಹೋಟೆಲಿನ ಬಗ್ಗೆ ಹೋದ ವರ್ಷ ಅದರಲ್ಲಿ ಬಂದದ್ದು ಮಿಲುಸ್ಕಾಳಿಗೆ ಬಾಯಿಪಾಠವಾಗಿತ್ತು. “ಹೊಗೆ ಹಿಡಿದ ಗೂಡು. ಸೊಂಟ ಮುರಿಯುವ ಬೆಂಚು. ನಾಯಿಯೂ ಮೂಸದ ಸಾರು. ಪ್ರವಾಸಿಗಳೇ, ದೂರವಿರಿ.”

ಹನ್ನೊಂದು ವರ್ಷಗಳಿಂದ ಇಂಥವೇ ಸಾಲುಗಳು. ಆದರೆ ಅವನು ಮಾತ್ರ ಪ್ರತಿ ಶುಕ್ರವಾರ ತಪ್ಪದೆ ಬಂದು, ಅದೇ ಬೆಂಚಿನ ಮೇಲೆ ಕೂತು, ಅದೇ ಸಾರನ್ನು ಎರಡೆರಡು ಬಟ್ಟಲು ಹೀರಿ ಹೋಗುತ್ತಿದ್ದ. ದುಡ್ಡು ಕೊಟ್ಟದ್ದನ್ನು ಯಾರೂ ಕಂಡಿಲ್ಲ. ಎಂಥ ಮಾನಗೆಟ್ಟ ಜನ್ಮ!

ಮಿಲುಸ್ಕಾ ತನ್ನೂರು ಕಮಾನಾದಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತನ್ನ ನಂತರ ಹೋಟೆಲು ಅವಳದೇ ಎಂದು ಅತ್ತೆ ಹೇಳಿದ್ದಳು. ಹೊಸ ಪುಸ್ತಕ ಸೋಮವಾರ ಅಚ್ಚಿಗೆ ಹೋಗುತ್ತದೆ. ಇವತ್ತು ಆ ಮನುಷ್ಯನ ಮನಸ್ಸು ತಿರುಗದಿದ್ದರೆ ಇನ್ನೊಂದು ವರ್ಷ ಇದೇ ಹೊಗೆ, ಇದೇ ಬೆಂಚು, ಮಧ್ಯಾಹ್ನಕ್ಕೆ ಇದೇ ಕಲ್ಲುಕುಟಿಗರು. ಅದಕ್ಕೇ ಅವಳು ಬೆಳಿಗ್ಗೆ ಸಂತೆಗೆ ಓಡಿ, ಹೂವಿನ ಚಿತ್ರದ ಬಟ್ಟೆ ತಂದು ಉದ್ದದ ಮೇಜಿಗೆ ಹಾಸಿದ್ದಳು. ಬಾಗಿಲಲ್ಲಿ “ಶುಕ್ರವಾರ: ಸೀಗಡಿ ಸಾರು” ಎಂದು ಅತ್ತೆ ಸೀಮೆಸುಣ್ಣದಲ್ಲಿ ಬರೆದಿದ್ದ ಹಲಗೆಯನ್ನೂ ಒರೆಸಲು ಹೋಗಿದ್ದಳು. ಅಕ್ಷರಗಳು ಒಂದೂ ಬಿಡದೆ ಎಡಕ್ಕೆ ವಾಲಿದ್ದವು, ಕುಡಿದವರ ಸಾಲಿನಂತೆ.

“ಮುಟ್ಟಬೇಡ,” ಎಂದಿದ್ದಳು ಅತ್ತೆ.

ಹನ್ನೆರಡಕ್ಕೆ ಕಲ್ಲುಕುಟಿಗ ತೋರಿಬಿಯೊ ಮೈತುಂಬ ಬಿಳಿ ಧೂಳು ಹೊತ್ತು ಬಂದು ತನ್ನ ಜಾಗದಲ್ಲಿ ಕೂತ.

“ಇವತ್ತೊಂದಿನ ಹಿತ್ತಲಲ್ಲಿ ಊಟ ಮಾಡ್ತೀಯಾ, ಅಣ್ಣ? ಮೇಜಿನ ಬಟ್ಟೆ ಕೊಳೆಯಾಗುತ್ತೆ,” ಎಂದಳು ಮಿಲುಸ್ಕಾ.

ತೋರಿಬಿಯೊ ಬೆನಿತಾಳ ಮುಖ ನೋಡಿದ. ಇಪ್ಪತ್ತಾರು ವರ್ಷಗಳಿಂದ ಕೂತ ಜಾಗ ಅದು.

“ಅವನು ಎದ್ರೆ ಒಲೆ ಮೇಲಿರೋ ಸಾರೂ ಕೆಳಗಿಳಿಯುತ್ತೆ,” ಎಂದಳು ಬೆನಿತಾ. “ಕೂತ್ಕೊಳ್ಳೋ.”

“ಹೀಗೇ ಮಾಡಿ ಹಾಳಾಗಿದ್ದು ನೀವು, ಅತ್ತೆ! ಮೂಲೆಮನೆ ಹೋಟೆಲಿನ ರಮೋನಾನ ನೋಡಿ. ಪುಸ್ತಕದಲ್ಲಿ ಹೊಗಳಿ ಬರೆದಿದ್ದೇ ತಡ, ಬಸ್ಸುಗಟ್ಟಲೆ ಜನ ಬಂದ್ರಂತೆ.”

“ಬಂದ್ರು. ಅವರಿಗೋಸ್ಕರ ಉದ್ದದ ಬೆಂಚು ಕಡಿದು ಪುಟ್ಟ ಪುಟ್ಟ ಕುರ್ಚಿ ಮಾಡಿಸಿದ್ಲು. ಕಲ್ಲುಕುಟಿಗರನ್ನ ಆಚೆ ಅಟ್ಟಿದ್ಲು. ದಿನಕ್ಕೊಂದು ಸಾರು ಅನ್ನೋ ನಮ್ಮ ಪದ್ಧತಿ ಬಿಟ್ಟು, ಸೋಮವಾರದ್ದು, ಮಂಗಳವಾರದ್ದು ಅಂತ ನೋಡದೆ ಏಳು ಬಗೆ ಸಾರನ್ನೂ ಒಂದೇ ದಿನ ಬಡಿಸಿದ್ಲು. ಥೂ! ನಾಯೀನೂ ಮೂಸಲ್ಲ ಅದನ್ನ.” ಬೆನಿತಾ ರೊಕೊಟೊ ಮೆಣಸನ್ನು ಕಲ್ಲಿನ ಕೆಳಗೆ ಹಾಕಿ ಜಜ್ಜಿದಳು. “ಎರಡು ವರ್ಷಕ್ಕೆ ಬಸ್ಸು ಬೇರೆ ಕಡೆ ತಿರುಗ್ತು. ಬಿಟ್ಟುಹೋದ ಊರಿನವರು ವಾಪಸ್ ಬರಲಿಲ್ಲ. ಈಗ ಅಲ್ಲಿ ಫೋನ್ ಅಂಗಡಿ ಇದೆ.”

ಮಿಲುಸ್ಕಾ ಮುಖ ತಿರುಗಿಸಿದಳು. ಈ ಮುದುಕಿಗೆ ಬುದ್ಧಿ ಹೇಳುವುದೂ ಒಂದೇ, ಒಲೆಗೆ ಹೇಳುವುದೂ ಒಂದೇ.

ಅಷ್ಟರಲ್ಲಿ ಗಾಸ್ಪಾರ್ ಬಂದ. ಹೂವಿನ ಬಟ್ಟೆ ಕಂಡದ್ದೇ ಟೋಪಿ ತೆಗೆದು ಎದೆಗೊತ್ತಿಕೊಂಡ.

“ಯಾರು ತೀರಿಕೊಂಡ್ರು, ದೋನ್ಯಾ? ಹೆಣ ಇದರ ಕೆಳಗಿದೆಯಾ?”

ಬೆಂಚೆಲ್ಲ ನಕ್ಕಿತು. ಮಿಲುಸ್ಕಾಳ ಕಿವಿ ಬಿಸಿಯಾಯಿತು. ಆದರೂ ಹಲ್ಲು ಕಚ್ಚಿಕೊಂಡು ಸಾರು ಬಡಿಸಿದಳು, ದೊಡ್ಡ ಸೀಗಡಿಗಳನ್ನೇ ಆರಿಸಿ ಹಾಕಿದಳು. “ಈ ಸಲವಾದ್ರೂ ನಾಲ್ಕು ಒಳ್ಳೆ ಮಾತು ಬರೀರಿ. ನಿಮಗೇನು ನಷ್ಟ?”

“ನನ್ನ ಕೈಲಿ ಏನಿದೆಯಮ್ಮಾ?” ಎಂದ ಗಾಸ್ಪಾರ್, ಬಾಯಿ ತುಂಬಿಕೊಂಡು.

ಬೆನಿತಾ ಸೊಂಟದ ಮೇಲೆ ಕೈಯಿಟ್ಟು ಆ ಹೂವಿನ ಬಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿದಳು. ಮುಡಿಯಿಂದ ತುಂಡು ಪೆನ್ಸಿಲು ಕಿತ್ತುಕೊಂಡು ಒಳಗೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಮೆಕ್ಕೆಜೋಳದ ಹೆಂಡ ಚೀಚಾ ತುಂಬಿದ ಲೋಟ, ಲೋಟದಡಿಯಲ್ಲಿ ಮಡಿಸಿದ ಚೀಟಿ.

ಮಿಲುಸ್ಕಾಳ ಜೀವ ತಂಪಾಯಿತು. ಬೆಂಚಿನ ಮೇಲೆ ಕೂತ ಎಲ್ಲರ ಲೆಕ್ಕವನ್ನೂ ಬಾಯಲ್ಲೇ ಹೇಳಿ ಮುಗಿಸುವ ಅತ್ತೆ ಕೊನೆಗೂ ಈ ದಂಡಪಿಂಡಕ್ಕೆ ಬಿಲ್ಲು ಬರೆದಳಲ್ಲ!

ಗಾಸ್ಪಾರ್ ಚೀಟಿ ಬಿಡಿಸಿ ಓದಿದ. ನಕ್ಕೂ ನಕ್ಕೂ ಕೆಮ್ಮು ಹತ್ತಿತು.

“ಈ ಸಲ ಖಾರ ಜೋರಾಯ್ತು, ದೋನ್ಯಾ.”

“ನಿನ್ನ ಹೊಟ್ಟೆಗೆ ಹೋಗೋದಲ್ಲವಲ್ಲ, ಸುಮ್ನಿರು,” ಎಂದಳು ಬೆನಿತಾ.

ಅವನು ಚೀಟಿಯನ್ನು ಜೋಪಾನವಾಗಿ ಮಡಿಸಿ ಕೋಟಿನ ಜೇಬಿಗಿಳಿಸಿದ. ತುಟಿ ಒರೆಸಿದ. ಎದ್ದ.

ಮಿಲುಸ್ಕಾ ಬಾಗಿಲಿಗೆ ಅಡ್ಡ ನಿಂತಳು. “ಸಾರು ನುಂಗಿದ್ದಾಯ್ತು, ಈಗ ಬಿಲ್ಲನ್ನೂ ನುಂಗ್ತೀರಾ? ತಿಂದ ಮನೆಗೆ ಉಗಿಯೋ ನಿಮಗೆ ನಾಚಿಕೆ ಅನ್ನೋದು ಇದೆಯಾ?” ಅವನು ಬಾಯಿ ತೆರೆಯುವ ಮೊದಲೇ ಜೇಬಿಗೆ ಕೈ ಹಾಕಿ ಚೀಟಿ ಕಿತ್ತುಕೊಂಡಳು. “ಎಲ್ಲರ ಮುಂದೆ ಓದ್ತೀನಿ, ಕೇಳ್ಲಿ!”

“ಬೇಡಮ್ಮಾ, ಕೊಡು. ಅದು ಸೋಮವಾರ ಅಚ್ಚಿಗೆ ಹೋಗಬೇಕು,” ಎಂದ ಗಾಸ್ಪಾರ್.

ತೋರಿಬಿಯೊ ಬಟ್ಟಲಿನಲ್ಲಿ ಮುಖ ಹುದುಗಿಸಿ ನಗು ತಡೆಯುತ್ತಿದ್ದ. ಮಿಲುಸ್ಕಾ ಚೀಟಿ ಬಿಡಿಸಿದಳು. ಅದು ಬಿಲ್ಲಾಗಿರಲಿಲ್ಲ.

ಬಾಗಿಲ ಹಲಗೆಯ ಮೇಲಿದ್ದ, ಎಡಕ್ಕೆ ವಾಲಿದ ಅವೇ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: “ಬೆನಿತಾಳ ಗೂಡು. ನಾಯಿಯೂ ಮೂಸದ ಸಾರು. ಈ ವರ್ಷ ಕೊಳೆ ಮುಚ್ಚಲು ಹೂವಿನ ಬಟ್ಟೆ ಬೇರೆ ಹಾಸಿದ್ದಾರೆ. ಪ್ರವಾಸಿಗಳೇ, ದೂರವಿರಿ.”