ಹತ್ತಲಾರದ ನೊಣಗಳು

ಸ್ಯೂ ಇಮ್ ಪ್ರಯೋಗಾಲಯದ ನೆಲದ ಮೇಲೆ ಮಂಡಿಯೂರಿ ಗಾಜಿನ ಚೂರುಗಳನ್ನು ಚಿಮಟದಿಂದ ಒಂದೊಂದಾಗಿ ಹೆಕ್ಕಿದಳು. ಒಡೆದ ಕೊಳವೆಯ ಹಣ್ಣುನೊಣಗಳು ಅವುಗಳ ಆಹಾರವಾದ, ಚೆಲ್ಲಿದ ಗಂಜಿಯಲ್ಲಿ ಹೂತು ಸತ್ತಿದ್ದವು. ಈ ವಾರವಿಡೀ ಇದೇ ಗೋಳು: ಬೆಳಗ್ಗೆ ಬಂದರೆ ಒಂದು ಕೊಳವೆ ಒಡೆದಿರುತ್ತಿತ್ತು.

ಇನ್ನು ಉಳಿದದ್ದು ಒಂದೇ ಕೊಳವೆ.

ಪ್ರೊಫೆಸರ್ ಖೂ ತಲೆ ನರೆಯುವವರೆಗೆ ಸಾಕಿದ ತಳಿ. ಸಿಂಗಪುರದಲ್ಲಷ್ಟೇ ಅಲ್ಲ, ಜಗತ್ತಿನಲ್ಲೇ ಇನ್ನೆಲ್ಲೂ ಇಲ್ಲ. ಎಷ್ಟೋ ಮಂದಿ ಕೇಳಿದರೂ ಅವರು ಯಾರಿಗೂ ಕಳಿಸಿರಲಿಲ್ಲ. ಈ ನೊಣಗಳಲ್ಲಿ ನರ ಕೊಟ್ಟ ಸಂದೇಶ ಸ್ನಾಯುವಿಗೆ ಮುಟ್ಟುವುದಿಲ್ಲ. ಕೊಳವೆಯನ್ನು ತಟ್ಟಿದರೆ ಬೇರೆ ನೊಣಗಳು ಗೋಡೆ ಹತ್ತುತ್ತವೆ; ಇವು ತಳದಲ್ಲೇ ಬಿದ್ದಿರುತ್ತವೆ. ಹಿಮಪೆಟ್ಟಿಗೆಯಲ್ಲಿ ಕಾಪಿಡುವಂತೆಯೂ ಇಲ್ಲ. ಹಳೆ ಕೊಳವೆಯಿಂದ ಹೊಸದಕ್ಕೆ ಕೈಯಾರೆ ದಾಟಿಸುತ್ತಲೇ ಇರಬೇಕು. ಪ್ರೊಫೆಸರರ ಕೈಕೆಳಗೆ ಪ್ರಯೋಗಾಲಯ ನಡೆಸುವ ಸ್ಯೂ ಇಮ್‌ಳ ಯೌವನವೆಲ್ಲ ಇವುಗಳ ಹಿಂದೆಯೇ ಹೋಗಿತ್ತು. ಈ ತಳಿ ಅಳಿದರೆ ಅವಳ ಸಂಶೋಧನೆಯೂ ಅಳಿದಂತೆ.

ಅನುಮಾನ ವಿದ್ಯಾರ್ಥಿ ಹಾಫಿಜ್ ಮೇಲೆ. ಸಿಡ್ನಿಯ ಎದುರಾಳಿ ಸಂಶೋಧನಾ ತಂಡ ಅವನನ್ನು ಕೆಲಸಕ್ಕೆ ಕರೆದಿತ್ತು. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಪ್ರೊಫೆಸರಿಗೆ ಬಾಗಿಲು ತೆರೆಯುತ್ತಿದ್ದವನೂ ಅವನೇ. ಆಮೇಲೆ ಸ್ವಲ್ಪ ಹೊತ್ತು ಅವರೊಬ್ಬರೇ ನೊಣಗಳ ಜತೆ ಕೂರುವುದು ರೂಢಿ. ಅಷ್ಟರಲ್ಲಿ ಅವನು ಕೆಳಗಿನ ಅಂಗಡಿಯಿಂದ ಕಾಫಿ ತರುತ್ತಿದ್ದ.

ಇವತ್ತೂ ಅಂಗಡಿಯವನು ಕಾಫಿ ತುಂಬಿಸಿ ಕಟ್ಟಿಕೊಟ್ಟ ಪ್ಲಾಸ್ಟಿಕ್ ಚೀಲ ಮೇಜುದೀಪದ ಕೊರಳಿಗೆ ನೇತಾಡುತ್ತಿತ್ತು. ಪ್ರೊಫೆಸರ್ ಕತ್ತು ಚಾಚಿ ಸ್ಟ್ರಾದಿಂದ ಒಂದು ಗುಟುಕು ಎಳೆದರು.

"ಸಿಡ್ನಿಗೆ ಹೋಗೋ ಮುಂಚೆ ಇಲ್ಲಿರೋದೆಲ್ಲ ಗುಡಿಸಿ ಹೋಗ್ತಿದ್ದೀಯೇನೋ?" ಎಂದಳು ಸ್ಯೂ ಇಮ್.

"ನಾನಲ್ಲ ಅಕ್ಕ."

"ಮತ್ಯಾರು? ನೊಣಗಳೇ ಎದ್ದು ನೂಕಿದ್ವಾ?"

ಹಾಫಿಜ್ ಪ್ರೊಫೆಸರರ ಮುಖ ನೋಡಿದ. ಅವರು ಕಿಟಕಿಯಾಚೆ ನೋಡಿದರು. ಇವತ್ತೇ ಕೀಲಿ ಕೊಟ್ಟು ಹೊರಡು, ಪದವಿಯ ಆಸೆ ಬಿಡು ಎಂದಳು ಸ್ಯೂ ಇಮ್. ತಮ್ಮ ನೆಚ್ಚಿನ ಹುಡುಗನ ಪರವಾಗಿ ಪ್ರೊಫೆಸರ್ ಒಂದಾದರೂ ಮಾತಾಡಿಯಾರೆಂದು ಕಾದಳು. ಅವರು ಮತ್ತೆ ಸ್ಟ್ರಾಗೆ ಬಾಯಿಟ್ಟರು. ಅಲ್ಲಿಗೆ ಅವಳ ಅನುಮಾನ ಗಟ್ಟಿಯಾಯಿತು.

ಹಾಫಿಜ್ ಕೀಲಿಯನ್ನು ಮೇಜಿನ ಮೇಲಿಟ್ಟ. ಕಪಾಟಿನಿಂದ ಕೊನೆಯ ಕೊಳವೆಯನ್ನು ತೆಗೆದ. ಸ್ಯೂ ಇಮ್ ಬೆಚ್ಚಿ ಅಡ್ಡ ಬಂದಳು. ಅವನು ಅವಳನ್ನು ದಾಟಿ, ಪ್ರೊಫೆಸರರ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವರ ಕೈಗಳು ಬೆಳಗ್ಗೆ ಯಾರೋ ಎತ್ತಿಟ್ಟ ಹಾಗೆ ತೊಡೆಯ ಮೇಲೆ ಬಿದ್ದಿದ್ದವು.

"ನಾಳೆಯಿಂದ ಇವನ್ನ ದಾಟ್ಸೋಕೆ ನಾನಿರಲ್ಲ ಪ್ರೊಫ್. ಅಕ್ಕನ ಎದುರಿಗೆ ಒಂದ್ಸಲ ಹಿಡ್ಕೊಳ್ಳಿ."

ಪ್ರೊಫೆಸರರ ಕೈ ಕೊಳವೆಯವರೆಗೆ ತೆವಳಿತು; ಬೆರಳುಗಳು ಮಡಚಿಕೊಳ್ಳಲಿಲ್ಲ.