ದವಡೆ ಬಿಗಿದ ದಿನ

ಬಸ್ಸು ಶಾಲೆಯ ಮುಂದಿನ ಸಾಲಿ ಸ್ಟಾಪಿಗೆ ಬಂದಿತ್ತು. ಕೂಗಬೇಕೆಂದರೆ ಕಂಡಕ್ಟರ್ ಭಾಗ್ಯಶ್ರೀಯ ಬಾಯಿ ಬೆರಳು ತೂರುವಷ್ಟೂ ತೆರೆಯಲಿಲ್ಲ. ಅರ್ಧ ಹುಟ್ಟಿದ ಬುದ್ಧಿಹಲ್ಲಿನ ಸುತ್ತ ಒಸಡು ಬಾತು ಕೀವು ತುಂಬಿತ್ತು. ಬೆಳಿಗ್ಗೆ ಡಾಕ್ಟರು ತೊಳೆದು ಗುಳಿಗೆ ಕೊಟ್ಟಿದ್ದರೂ ದವಡೆ ಸಡಿಲಾಗಲು ಎರಡು ದಿನ ಬೇಕಿತ್ತು, ರಜೆ ಸಿಕ್ಕಿರಲಿಲ್ಲ. ಅವಳ ಚಿಂತೆಯೆಲ್ಲ ಮುಂದಿನ ಸೀಟಿನ ಕುಬೇರಪ್ಪಜ್ಜನದು. ಕಣ್ಣು ಕಾಣದ ಅಜ್ಜ ದಿನಾ ಅವಳ ಕೂಗು ಕೇಳಿಯೇ ತನ್ನೂರು ಸುಳ್ಳದಲ್ಲಿ ಇಳಿಯುತ್ತಿದ್ದ.

ಅವಳು ಹತ್ತಿರ ಹೋಗಿ ಭುಜ ಮುಟ್ಟಿ, ಬಿಗಿದ ಹಲ್ಲುಗಳ ನಡುವೆಯೇ, "ಅಜ್ಜಾರ, ಬಾಯಿ ತೆರೀವಲ್ದರಿ... ಒಸಡು ಬಾತೈತಿ," ಎಂದಳು.

"ಅಯ್ಯ, ಮಾತಾಡಬ್ಯಾಡ ತಂಗಿ. ಈ ರಸ್ತಾದ ತಗ್ಗು-ದಿನ್ನಿ ಎಲ್ಲಾ ನನಗ ಗೊತ್ತದಾವ," ಎಂದವನೇ ಅಜ್ಜ ಕಂಬಿ ಹಿಡಿದು ಎದ್ದುನಿಂತು ಗಟ್ಟಿಯಾಗಿ ಕೂಗಿದ: "ಸಾಲಿ ಸ್ಟಾಪ್ ಇಳಿಯೋರು ಲಗೂ ಬರ್ರಿ!" ಮುಂದೆ ಅವನ ಕೂಗಿನಲ್ಲಿ ಒಂದು ಸ್ಟಾಪೂ ತಪ್ಪಲಿಲ್ಲ.

ಸುಳ್ಳ ಬಂತು. ಇಳಿಸಲೆಂದು ಭಾಗ್ಯಶ್ರೀ ಅವನ ಮೊಳಕೈ ಹಿಡಿದಳು. ಅಜ್ಜ ಅಲುಗಾಡಲಿಲ್ಲ.

"ಇನ್ನೂ ಮೂರು ಊರು ಅದಾವಲ್ಲವಾ, ಯಾರು ಕೂಗೋರು? ಬಸ್ ತಿರುಗಿ ಬರೂವಾಗ ಇಳಿತೇನಿ."

ಭಾಗ್ಯಶ್ರೀಯ ಕಣ್ಣು ತುಂಬಿದವು. ಅಜ್ಜನ ಕೈಯನ್ನು ತನ್ನೆರಡೂ ಕೈಗಳಲ್ಲಿ ಒಮ್ಮೆ ಒತ್ತಿ ಹಿಡಿದು, ಬಸ್ ಹೊರಡಲೆಂದು ಡಬಲ್ ಬೆಲ್ ಕೊಟ್ಟಳು.