ಬನ್ನಿ, ಏನು ಬೇಕು?

"ಬನ್ನಿ, ಏನು ಬೇಕು?" ಎಂದಳು ಲ್ಯಾಪ್‌ಟಾಪಿನೊಳಗಿನ ವಜೀರಾ.

ಗೊಂಬೆ ಕಡೆಯುವ ಷೆಡ್ಡಿನಲ್ಲಿ ನೆರೆದಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ದನಿ ಅವಳದೇ. ತಲೆಯ ಮೇಲಿನ ಸೆರಗು, ಕೈಯಲ್ಲಿ ಉಳಿ, ಹಿಂದೆ ಬಣ್ಣದ ಗೊಂಬೆಗಳ ಸಾಲು, ಎಲ್ಲ ಚನ್ನಪಟ್ಟಣದ್ದೇ. ನಿಜವಾದ ವಜೀರಾ ಮಾತ್ರ ಮುಂದಿನ ಮಾತಿಗೆ ಕಾಯುತ್ತ ಪರದೆಯ ಕಡೆ ಬಾಗಿದ್ದಳು. ಜಯಕುಮಾರ ಮೌಸ್ ಒತ್ತಿದ. "ಬನ್ನಿ, ಏನು ಬೇಕು?" ಮತ್ತೆ ಒತ್ತಿದ. "ಬನ್ನಿ, ಏನು ಬೇಕು?"

"ಮುಂದುಕ್ಕೋಗಪ್ಪ," ಎಂದಳು ವಜೀರಾ. "ಒಗಟು ಬರ್ಲಿ."

ಕನಕಪುರದವನಾದ ಜಯಕುಮಾರ ಬೆಂಗಳೂರಿನ ಒಂದು ಸಣ್ಣ ಗೇಮ್ ಕಂಪನಿಯಲ್ಲಿದ್ದ. ಆರು ತಿಂಗಳ ಹಿಂದೆ ರೆಕಾರ್ಡರ್ ತಂದು ಇದೇ ಷೆಡ್ಡಿನಲ್ಲಿ ಮೂರು ದಿನ ಕೂತಿದ್ದ. ಆಡುವವರೇ ಕಥಾನಾಯಕರಾಗಿ ಊರೂರು ಅಲೆದು, ಸಿಕ್ಕವರೊಡನೆ ಮಾತಾಡಿ, ಬೇಕಾದಲ್ಲಿ ಕತ್ತಿ ಹಿಡಿಯುವ ಆಟವಂತೆ. "ವಜೀರಕ್ಕನ ಒಗಟು ಬಿಡಿಸ್ದೆ ಇದ್ರೆ ಕೋಟೆ ಬಾಗ್ಲೇ ತೆಗಿಯಲ್ಲ" ಎಂದು ಆಸೆ ಹುಟ್ಟಿಸಿದ್ದ. ವಜೀರಾ ಗಂಟಲು ಕಟ್ಟುವವರೆಗೆ ಮಾತಾಡಿದ್ದಳು. ಮರ ಒಣಗಿದೆಯೋ ಇಲ್ಲವೋ ಎಂದು ಬೆರಳಲ್ಲಿ ತಟ್ಟಿ ತಿಳಿಯುವ ಬಗೆ, ತೀರಿಕೊಂಡ ಅತ್ತೆ ಕಲಿಸಿದ ಹನ್ನೊಂದು ಒಗಟು, ಇವರು ರೇಟು ಒಪ್ಪಲಿಲ್ಲವೆಂದು ಗೊಂಬೆ ಕಡೆಯುವ ಲೇತುಗಳನ್ನು ಹೊತ್ತೊಯ್ಯಲು ಬಂದ ಕಂಟ್ರಾಕ್ಟರನ ಆಳುಗಳೆದುರು ಉಳಿ ಹಿಡಿದು ಬಾಗಿಲಿಗೆ ಅಡ್ಡ ನಿಂತದ್ದು. ಕೊನೆಯ ದಿನ ಅವನು, "ಒಂದೇ ಒಂದ್ಸಲ ಏಟು ಬಿದ್ದಂಗೆ ಕೂಗಿ ಅಕ್ಕಾ" ಎಂದಾಗ ನಗು ತಡೆಯಲಾಗದೆ ಒದ್ದಾಡಿ, ಕಡೆಗೆ ಲೇತಿನ ಬೆಲ್ಟಿಗೆ ಬೆರಳು ಸಿಕ್ಕ ದಿನವನ್ನು ನೆನೆದು ಕೂಗಿಕೊಟ್ಟಿದ್ದಳು. ಆಟ ತಯಾರಾಯಿತೆಂದು ಫೋನು ಬಂದಾಗಿನಿಂದ ಬೀದಿಗೆಲ್ಲ ಸಾರಿದ್ದಳು. ದಿನಾ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುವ ಎದುರುಮನೆಯ ಸಾನಾ ಕೂಡ ಇವತ್ತು ರಜೆ ಹಾಕಿ ಬಂದು ಕೂತಿದ್ದಳು.

ಒಗಟು ಬರಲಿಲ್ಲ. ಆಟದ ನಾಯಕ ಕುದುರೆಯಿಂದಿಳಿದು ಬಾವಿಯ ಕಡೆ ನಡೆದ. ಅಲ್ಲಿ ನೀರು ಸೇದುತ್ತಿದ್ದವಳಿಗೂ ವಜೀರಾಳದೇ ಮುಖ. ಸೊಪ್ಪು ಮಾರುವವಳಿಗೂ ಅದೇ ಮುಖ, ಅದೇ ಮಾತು.

"ಅರೇ, ಊರ್ತುಂಬ ನೀನೇ ಇದೀಯಲ್ಲೇ!" ಎಂದು ಹಿರಿಯಳಾದ ಅಮೀರುನ್ನೀಸಾ ನಕ್ಕಳು.

ಅಷ್ಟರಲ್ಲಿ ಕಳ್ಳರು ನುಗ್ಗಿದರು. ಜಯಕುಮಾರ ಗಡಿಬಿಡಿಯಲ್ಲಿ ಬಟನ್ ಒತ್ತಿದ. ನಾಯಕನ ಕತ್ತಿ ಕಳ್ಳನನ್ನು ಬಿಟ್ಟು ಗೊಂಬೆ ಅಂಗಡಿಯ ವಜೀರಾಳ ಹೆಗಲಿಗೆ ಬಿತ್ತು. "ಅಯ್ಯೋ!" ಬೆರಳು ಸಿಕ್ಕ ದಿನದ ಆ ಕೂಗು ಷೆಡ್ಡಿನ ತಗಡಿಗೆ ಬಡಿಯಿತು. ಬಿದ್ದವಳು ಎದ್ದಳು. ಎದ್ದವಳೇ ಹೊಡೆದವನತ್ತ ತಿರುಗಿ, "ಬನ್ನಿ, ಏನು ಬೇಕು?" ಎಂದಳು.

ಹೆಂಗಸರು ಗೊಳ್ಳೆಂದು ನಕ್ಕರು. ವಜೀರಾ ನಗಲಿಲ್ಲ.

"ಇನ್ನೊಂದ್ಸಲ ಹೊಡಿ."

"ಅದು ಬೈ ಮಿಸ್ಟೇಕ್ ಆಯ್ತು ಅಕ್ಕಾ..."

"ಹೊಡಿ ಅಂದೆ."

ಹೊಡೆದ. ಕೂಗಿದಳು, ಬಿದ್ದಳು, ಎದ್ದಳು, ಕರೆದಳು. ಈ ಸಲ ಯಾರೂ ನಗಲಿಲ್ಲ. "ನಮ್ ಸೂಪರ್‌ವೈಸರ್‌ಗೂ ಇಂಥೋರೇ ಬೇಕು," ಎಂದು ಸಾನಾ ತನ್ನಷ್ಟಕ್ಕೆ ಅಂದುಕೊಂಡಳು.

"ಮೂರು ದಿನ ಮಾತಾಡುದ್ನಲ್ಲ, ಅದೆಲ್ಲ ಎಲ್ಲೋಯ್ತು?" ಎಂದಳು ವಜೀರಾ.

"ದೇವ್ರಾಣೆ ನಾನು ಎಲ್ಲಾ ಬರ್ದು ಕೊಟ್ಟಿದ್ದೆ ಅಕ್ಕಾ. ಮಾತು ಜಾಸ್ತಿ ಆದ್ರೆ ಆಡೋರ್ಗೆ ಬೋರಾಯ್ತದೆ, ಫೈಟಿಂಗ್ ಸಾಕು ಅಂತ ಮೇಲಿನೋರು ತೆಗ್ಸಿಬುಟ್ರು."

"ಫೈಟಿಂಗಾದ್ರೂ ನೆಟ್ಟುಗೈತಾ? ಅವ್ಳ ಕೈಲಿ ಏನೈತೆ ನೋಡ್ಲಾ! ಉಳಿ ಹಿಡ್ಕಂಡೋಳು ಸುಮ್ಕೆ ಹೊಡುಸ್ಕಂತಾಳಾ? ಹೊಡುದೋನ್ಗೆ ಏನ್ ಬೇಕು ಅಂತ ಕೇಳ್ತಾಳಾ? ನಾನಂಗೆ ಕೇಳಿದ್ರೆ ಇವತ್ತು ಈ ಷೆಡ್ನಾಗೆ ಒಂದು ಲೇತು ಇರ್ತಿತ್ತಾ?"

ಜಯಕುಮಾರ ಲ್ಯಾಪ್‌ಟಾಪ್ ಮುಚ್ಚಿದ.

"ಹೋಗ್ಲಿ, ನಾನ್ ಆಡಿದ್ ಮಾತಾದ್ರೂ ವಾಪಸ್ ಕೊಡು. ಒಂದು ಸಿ.ಡಿ.ಗೆ ಹಾಕ್ಕೊಡು."

"ಅಳಿಸ್ಬುಟ್ರು ಅಕ್ಕಾ. ಬೇಕಾದ್ದಷ್ಟೇ ಇಟ್ಕೊಂಡ್ರು."

ಬೇಕಾದ್ದು! ವಜೀರಾಳಿಗೆ ಮೈಯೆಲ್ಲ ಉರಿಯಿತು. ನಾಯಕನ ಕುದುರೆ ಮೂರು ಬಗೆಯಲ್ಲಿ ಕೆನೆಯುವುದನ್ನು ಅವಳು ಆಗಲೇ ಕೇಳಿಸಿಕೊಂಡಿದ್ದಳು. ಕುದುರೆಗೆ ಮೂರು ಬೇಕಾಗಿತ್ತು. ಇಪ್ಪತ್ತೆರಡು ವರ್ಷ ಅರಗಿನ ಹೊಗೆ ಕುಡಿದು ಗೊಂಬೆ ಮಾಡಿದವಳಿಗೆ ಒಂದೇ ಮಾತು ಸಾಕಾಗಿತ್ತು.

ಜಯಕುಮಾರ ಹಿಂದೆಮುಂದೆ ನೋಡುತ್ತ ಜೇಬಿನಿಂದ ಒಂದು ಚೀಟಿ ತೆಗೆದ. "ಎರಡನೇ ಭಾಗ ಮಾಡ್ತಾವ್ರೆ ಅಕ್ಕಾ. ನಿಮ್ ವಾಯ್ಸೇ ಬೇಕಂತೆ. ರೆಕಾರ್ಡರ್ ತಂದಿವ್ನಿ."

"ಓದು, ಏನೇನು ಬೇಕಂತೆ?"

ಅವನು ಬಾಯೊಳಗೇ ಓದಿದ: "ಸಣ್ಣ ಏಟಿನ ಕೂಗು, ಐದು. ದೊಡ್ಡ ಏಟು, ಐದು. ಬೆಂಕಿ ತಗುಲಿದ್ದು, ನಾಲ್ಕು. ಸಾವು, ಮೂರು."

"ಮಾತು?"

ಜಯಕುಮಾರ ಚೀಟಿಯನ್ನು ತಿರುಗಿಸಿ ನೋಡಿದ. ಆ ಕಡೆ ಬರೀ ಬಿಳಿ.

ವಜೀರಾ ಎದ್ದು, ಅವನು ಹೊರತೆಗೆದಿಟ್ಟಿದ್ದ ರೆಕಾರ್ಡರನ್ನು ಮತ್ತೆ ಅವನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

"ಊರ್ನಾಗೆ ನಿಮ್ಮವ್ವ ಅವ್ರಲ್ಲ," ಎಂದಳು, "ಈ ಚೀಟಿಯ ಮೊದ್ಲು ಆಯಮ್ಮನ ಮುಂದೆ ಓದು. ಆ ಮೂರು ಸಾವ ಆಯಮ್ಮನ ಕೈಲಿ ಕೂಗುಸ್ಕಂಡು ಆಮೇಕೆ ನನ್ ತಾವ ಬಾ."